ಚೇಳೂರಿನ ಸಿದ್ದು: ಒಂದು ಮರದ ರುಚಿ



ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ದಾವಣಗೆರೆ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳ ಜನರನ್ನು ಮನಸ್ಸಿನಲ್ಲಿಟ್ಟುಕೊಂಡು ಇವತ್ತಿನ ಮಾತು ಬರೆದುಕೊಂಡು ಬಂದಿದ್ದೇನೆ. ವಿಷಯ ಒಂದೇ. ಒಂದು ಹಲಸಿನ ಮರದ ರುಚಿ. ಆ ಮರ ತುಮಕೂರು ಜಿಲ್ಲೆಯದು. ಗುಬ್ಬಿ ತಾಲ್ಲೂಕಿನ ಚೇಳೂರಿನದು. ಅದರ ಹಣ್ಣಿಗೆ ಸಿದ್ದು ಎಂದು ಹೆಸರು.

ಮಾವಿನ ಹಣ್ಣು ಕೊಳ್ಳುವಾಗ ನಾವು ಹೇಗೆ ಕೇಳುತ್ತೇವೆ? ಬಾದಾಮಿ ಇದೆಯಾ, ರಸಪುರಿ ಬಂತಾ, ಮಲ್ಲಿಕಾ ಎಷ್ಟು ಎಂದು ಕೇಳುತ್ತೇವೆ. ಬಾಳೆಯಲ್ಲೂ ಹಾಗೆಯೇ. ಪುಟ್ಟಬಾಳೆ ಬೇಕು, ಪಚ್ಚಬಾಳೆ ಬೇಡ ಎನ್ನುತ್ತೇವೆ. ಹಲಸಿನ ಮುಂದೆ ನಿಂತಾಗ ಮಾತ್ರ ಹೆಸರು ಕೇಳುವುದಿಲ್ಲ. ಹಣ್ಣು ಚೆನ್ನಾಗಿದೆಯಾ ಎಂದಷ್ಟೇ ಕೇಳುತ್ತೇವೆ. ಮಾರುವವನು ಒಂದು ತೊಳೆ ಕಿತ್ತು ಕೊಡುತ್ತಾನೆ. ಬಾಯಿಗೆ ಹಾಕಿಕೊಂಡು ನೋಡಿ, ದುಡ್ಡು ಕೊಟ್ಟು ಬರುತ್ತೇವೆ. ಆ ಹಣ್ಣು ಯಾವ ಊರಿನ ಯಾವ ಮರದ್ದು ಎಂಬುದು ಅಲ್ಲಿಗೇ ಮರೆಯಾಗುತ್ತದೆ. ಮುಂದಿನ ವರ್ಷ ಅದೇ ರುಚಿ ಬೇಕೆಂದರೆ ಹುಡುಕುವುದೆಲ್ಲಿ?

ಮಲೇಷ್ಯಾ ದೇಶದಲ್ಲಿ ಡೂರಿಯನ್ ಎಂಬ ಹಣ್ಣಿದೆ. ನೋಡುವುದಕ್ಕೆ ಹಲಸಿನ ತಮ್ಮನ ಹಾಗೆ ಮೈತುಂಬ ಮುಳ್ಳು. ಆದರೆ ಸಂಬಂಧ ಬೇರೆ. ಹಲಸು ಆಲ, ಅತ್ತಿ, ಹಿಪ್ಪುನೇರಳೆಗಳ ಬಳಗಕ್ಕೆ ಸೇರಿದ್ದು. ಡೂರಿಯನ್ ಬೂರುಗ ಮತ್ತು ಹತ್ತಿಯ ಬಳಗದ್ದು. ಅಂದರೆ ನಮ್ಮ ದಾವಣಗೆರೆಯ ಗಿರಣಿಗಳು ನೂತ ಹತ್ತಿಗೆ ಅದು ದೂರದ ದಾಯಾದಿ. ಅದರ ವಾಸನೆ ಎಷ್ಟು ಗಾಢವೆಂದರೆ, ಸಿಂಗಪುರದ ರೈಲುಗಳಲ್ಲಿ ಆ ಹಣ್ಣನ್ನು ಒಯ್ಯುವಂತಿಲ್ಲ. ಆದರೂ ಜನ ಅದಕ್ಕಾಗಿ ವರ್ಷವಿಡೀ ಕಾಯುತ್ತಾರೆ. ಕಾದು, ಅಂಗಡಿಗೆ ಹೋಗಿ, ಬರೀ ಡೂರಿಯನ್ ಕೊಡಿ ಎನ್ನುವುದಿಲ್ಲ. ಮುಸಾಂಗ್ ಕಿಂಗ್ ಇದೆಯಾ ಎನ್ನುತ್ತಾರೆ. ಅದು ಒಂದು ತಳಿಯ ಹೆಸರು. ಕೆಲಾಂತಾನ್ ರಾಜ್ಯದಿಂದ ಬಂದದ್ದು. ಗಾಢ ಹಳದಿ ತಿರುಳು, ಸಣ್ಣ ಬೀಜ, ಸಿಹಿಯ ಹಿಂದೆಯೇ ಬರುವ ಒಂದು ಎಳೆ ಕಹಿ. ಆ ಕಹಿ ಇಲ್ಲದಿದ್ದರೆ ಇದು ಅದಲ್ಲ ಎಂದು ತಿನ್ನುವವರು ಹಣ್ಣನ್ನು ತಳ್ಳಿಬಿಡುತ್ತಾರೆ. 1930ರ ದಶಕದಿಂದಲೇ ಅಲ್ಲಿನ ಸರ್ಕಾರ ಒಳ್ಳೆಯ ಮರಗಳಿಗೆ ನಂಬರು ಕೊಟ್ಟು ದಾಖಲು ಮಾಡಿಕೊಂಡು ಬಂದಿದೆ. ಮುಸಾಂಗ್ ಕಿಂಗ್ ಆ ಪಟ್ಟಿಯಲ್ಲಿ 197ನೆಯದು.

ನಮ್ಮ ಹಲಸಿಗೆ ಆ ಭಾಗ್ಯ ತಡವಾಗಿ ಬಂತು. ಬಂದದ್ದು ಸಿದ್ದುವಿನ ಹಾಗೆ ಕೆಲವೇ ಮರಗಳಿಗೆ. ಅದರಲ್ಲಿ ಅಂಥದ್ದೇನಿದೆ ಎಂದು ನೀವು ಕೇಳಬಹುದು. ರೇಡಿಯೋದಲ್ಲಿ ತೊಳೆ ಬಿಡಿಸಿ ಕೈಗೆ ಕೊಡಲಾಗದು. ಮಾತಿನಲ್ಲೇ ಬಿಡಿಸುತ್ತೇನೆ.

ಮೊದಲು ಗಾತ್ರ. ಹಲಸು ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಒಬ್ಬ ಆಳು ಹೆಗಲ ಮೇಲೆ ಹೊತ್ತು ತರುವ ಹಣ್ಣು. ಹತ್ತು ಕಿಲೊ, ಹದಿನೈದು ಕಿಲೊ. ಮೂವತ್ತು ಕಿಲೊ ದಾಟುವವೂ ಉಂಟು. ಸಿದ್ದು ಹಾಗಲ್ಲ. ಒಂದು ಹಣ್ಣು ಸುಮಾರು 2.5 ಕಿಲೊ ತೂಗುತ್ತದೆ. ಒಂದೇ ಕೈಯಲ್ಲಿ ಎತ್ತಬಹುದು. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬರಬಹುದು. ಒಳಗೆ ಇಪ್ಪತ್ತೈದರಿಂದ ಮೂವತ್ತು ತೊಳೆ. ನಾಲ್ಕು ಜನರ ಮನೆಗೆ ಒಂದು ಹೊತ್ತಿಗೆ ಸಾಕು. ಉಳಿದದ್ದನ್ನು ಏನು ಮಾಡುವುದೆಂಬ ಚಿಂತೆ ಇಲ್ಲ. ಪೇಟೆಯ ಮನೆಗಳಲ್ಲಿ ಹಲಸು ಕೊಳ್ಳಲು ಹಿಂಜರಿಯುವುದೇ ಈ ಚಿಂತೆಯಿಂದ.

ಇನ್ನು ಬಣ್ಣ. ಚಾಕುವಿಗೆ ಕೊಬ್ಬರಿ ಎಣ್ಣೆ ಸವರಿ, ಹಣ್ಣನ್ನು ಉದ್ದಕ್ಕೆ ಸೀಳಿದಿರಿ ಎಂದುಕೊಳ್ಳಿ. ಮೇಣ ಒರೆಸಿದಿರಿ. ಒಳಗೆ ನೀವು ನಿರೀಕ್ಷಿಸಿದ ಹಳದಿ ಇಲ್ಲ. ಕೆಂಪು ಇದೆ. ಆದರೆ ಕಲ್ಲಂಗಡಿಯ ಕೆಂಪೂ ಅಲ್ಲ. ಹುಣಸೆಹಣ್ಣು ಹಾಕಿ ತಿಕ್ಕಿ ಬೆಳಗಿದ ತಾಮ್ರದ ಚೊಂಬಿನ ಮೈ ನೆನಪಿಸಿಕೊಳ್ಳಿ. ಆ ಬಣ್ಣ.

ತೊಳೆ ಬಿಡಿಸಿ ಬಾಯಿಗಿಟ್ಟರೆ ಮೊದಲು ತಿಳಿಯುವುದು ಗಟ್ಟಿತನ. ಹಲ್ಲು ಊರಿದಾಗ ತಿರುಳು ತಡೆದು ಆಮೇಲೆ ಕಡಿಯುತ್ತದೆ. ಜಾರುವುದಿಲ್ಲ, ಗಂಟಲಿಗೆ ನಾರು ಸಿಕ್ಕುವುದಿಲ್ಲ. ಮಲೆನಾಡಿನ ಅಂಚಿನಲ್ಲಿರುವ ನ್ಯಾಮತಿ, ಚನ್ನಗಿರಿ ಕಡೆಯ ಕೇಳುಗರಿಗೆ ಒಂದೇ ಮಾತಿನಲ್ಲಿ ಹೇಳಬಹುದು. ಇದು ಬಕ್ಕೆ. ಅಂಬಲಿ ಅಲ್ಲ. ಜಗಳೂರಿನ ಕಡೆಯವರಿಗಾಗಿ ಬಿಡಿಸಿ ಹೇಳುತ್ತೇನೆ. ಹಲಸಿನಲ್ಲಿ ಎರಡು ದೊಡ್ಡ ಕವಲು. ಹಣ್ಣಾದರೂ ತೊಳೆ ಗಟ್ಟಿಯಾಗಿ, ಕಡಿದು ತಿನ್ನುವಂತೆ ಇದ್ದರೆ ಬಕ್ಕೆ. ಹಣ್ಣಾದ ಕೂಡಲೇ ಮೆತ್ತಗಾಗಿ, ರಸವಾಗಿ, ಹೀರಿ ನುಂಗುವಂತಾದರೆ ಅಂಬಲಿ. ಊರಿನಿಂದ ಊರಿಗೆ ಹೆಸರು ಬದಲಾಗುತ್ತದೆ. ಕೆಲವು ಕಡೆ ಬಿಳುವ ಎನ್ನುತ್ತಾರೆ, ಕೆಲವು ಕಡೆ ಇಂಬ ಎನ್ನುತ್ತಾರೆ. ಗುಣ ಅದೇ.

ಆಮೇಲೆ ಸಿಹಿ. ವಿಜ್ಞಾನಿಗಳು ಹಣ್ಣಿನ ಸಿಹಿಯನ್ನು ಬ್ರಿಕ್ಸ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ನೂರು ಗ್ರಾಂ ರಸದಲ್ಲಿ ಎಷ್ಟು ಗ್ರಾಂ ಕರಗಿದ ಸಕ್ಕರೆ ಇದೆ ಎಂಬುದು ಹೆಚ್ಚು ಕಡಿಮೆ ಅದರ ಅರ್ಥ. ಕಬ್ಬಿನ ಹಾಲು ಇಪ್ಪತ್ತರ ಆಸುಪಾಸು ಬರುತ್ತದೆ. ಸಿದ್ದು ಮೂವತ್ತು ಮುಟ್ಟುತ್ತದೆ. ಇಷ್ಟು ಸಿಹಿ ಇದ್ದೂ ಅದು ಬಾಯಿ ಕಟ್ಟುವುದಿಲ್ಲ. ಇದಕ್ಕೆ ಆ ಗಟ್ಟಿತನವೇ ಕಾರಣ ಎಂದು ನನ್ನ ಅನಿಸಿಕೆ. ಮೆತ್ತಗಿನ ತೊಳೆಯಲ್ಲಿ ಸಿಹಿ ಒಮ್ಮೆಲೇ ನಾಲಿಗೆಗೆ ಹರಡಿಬಿಡುತ್ತದೆ. ಗಟ್ಟಿ ತೊಳೆಯನ್ನು ಅಗಿಯಬೇಕು. ಅಗಿದಷ್ಟೂ ಸ್ವಲ್ಪ ಸ್ವಲ್ಪವೇ ಸಿಹಿ ಬಿಡುತ್ತದೆ. ನಡುವೆ ಪರಿಮಳ ಮೂಗಿಗೆ ಏರಲು ಸಮಯ ಸಿಗುತ್ತದೆ.

ಸಣ್ಣ ಗಾತ್ರ, ತಾಮ್ರದ ಬಣ್ಣ, ಬಕ್ಕೆಯ ಗಟ್ಟಿತನ, ಮೂವತ್ತರ ಸಿಹಿ. ಇಷ್ಟು ಸಿದ್ದುವಿನ ಸ್ವಭಾವ. ಈಗ ಆ ಬಣ್ಣ ಮತ್ತು ಪರಿಮಳ ಎಲ್ಲಿಂದ ಬರುತ್ತವೆ ನೋಡೋಣ.

ಬಣ್ಣಕ್ಕೆ ಕಾರಣ ಲೈಕೋಪೀನ್ ಎಂಬ ವಸ್ತು. ಟೊಮೆಟೊ ಕೆಂಪಾಗುವುದು ಅದರಿಂದಲೇ. ಸಿದ್ದುವಿನ ನೂರು ಗ್ರಾಂ ತೊಳೆಯಲ್ಲಿ ಸುಮಾರು ಎರಡು ಮಿಲಿಗ್ರಾಂ ಲೈಕೋಪೀನ್ ಇದೆ. ಸಾಮಾನ್ಯ ಹಲಸಿನಲ್ಲಿ ಇರುವುದು ಇದರ ಹತ್ತನೇ ಒಂದು ಪಾಲು. ಪತ್ರಿಕೆಗಳು ಈ ಅಂಕಿಯನ್ನು ಬಹಳ ಎತ್ತಿ ಹೇಳಿದವು. ಹಣ್ಣಿನ ಬಗ್ಗೆ ಔಷಧಿಯೇನೋ ಎಂಬಂತೆ ಮಾತನಾಡಿದವರೂ ಇದ್ದಾರೆ. ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಮೂವತ್ತು ಬ್ರಿಕ್ಸ್ ಇರುವ ಹಣ್ಣು ಮೂವತ್ತು ಬ್ರಿಕ್ಸ್ ಇರುವ ಹಣ್ಣೇ. ಸಕ್ಕರೆ ಕಾಯಿಲೆ ಇರುವ ಹಿರಿಯರು, ಕೆಂಪು ಇದೆ ಒಳ್ಳೆಯದಂತೆ ಎಂದು ಬಟ್ಟಲು ಮುಂದಿಟ್ಟುಕೊಂಡು ಕೂರಬಾರದು. ಇದನ್ನು ರುಚಿಗಾಗಿ ತಿನ್ನೋಣ. ರುಚಿಯೇ ಸಾಕಷ್ಟು ದೊಡ್ಡ ಕಾರಣ.

ಪರಿಮಳದ ಕತೆ ಇನ್ನೂ ಸೊಗಸು. ಹಲಸು ಹಣ್ಣಾದ ಮನೆಗೆ ಹೋದರೆ ಬಾಗಿಲಲ್ಲೇ ಗೊತ್ತಾಗುತ್ತದೆ. ಆ ವಾಸನೆಯಲ್ಲಿ ಬಾಳೆಹಣ್ಣಿನ ಒಂದು ಎಳೆ ಇದೆ, ಅನಾನಸಿನ ಒಂದು ಎಳೆ ಇದೆ. ಇದು ಭ್ರಮೆಯಲ್ಲ. ಆ ಹಣ್ಣುಗಳಿಗೆ ಪರಿಮಳ ಕೊಡುವ ಎಸ್ಟರ್ ಎಂಬ ಜಾತಿಯ ವಸ್ತುಗಳೇ ಹಲಸಿನಲ್ಲೂ ಇವೆ. ಡೂರಿಯನ್ನಿನಲ್ಲೂ ಎಸ್ಟರ್ ಇದೆ. ಆದರೆ ಅದರ ಜೊತೆಗೆ ಗಂಧಕದ ಸಂಯುಕ್ತಗಳೂ ಸೇರಿಕೊಂಡಿವೆ. ಈರುಳ್ಳಿಯಲ್ಲಿ, ಇಂಗಿನಲ್ಲಿ ಮೂಗಿಗೆ ಹೊಡೆಯುವುದು ಅದೇ ಗಂಧಕ. 2017ರಲ್ಲಿ ಸಿಂಗಪುರದ ವಿಜ್ಞಾನಿಗಳು ಡೂರಿಯನ್ನಿನ ಇಡೀ ವಂಶವಾಹಿಯನ್ನು ಓದಿ ಪ್ರಕಟಿಸಿದರು. ಸುಮಾರು 46 ಸಾವಿರ ಜೀನುಗಳು. ಗಂಧಕದ ವಾಸನೆ ಹುಟ್ಟಿಸುವ ಜೀನಿನ ಹಲವು ಪ್ರತಿಗಳು ಅದರಲ್ಲಿ ಸಿಕ್ಕವು. ಅವರು ಓದಲು ಆರಿಸಿಕೊಂಡದ್ದು ಸಹ ಯಾವುದೋ ಒಂದು ಡೂರಿಯನ್ ಮರವಲ್ಲ. ಮುಸಾಂಗ್ ಕಿಂಗ್ ತಳಿಯನ್ನೇ ಆರಿಸಿಕೊಂಡರು.

ನಮ್ಮ ಕಡೆ ಕೆಲವರಿಗೆ ಹಲಸಿನ ವಾಸನೆಯೂ ಆಗದು. ಮನೆಯೊಳಗೆ ಕುಯ್ಯಬೇಡಿ, ಅಂಗಳಕ್ಕೆ ಒಯ್ಯಿರಿ ಎನ್ನುತ್ತಾರೆ. ಅಂಥವರಿಗೆ ನಾನು ಹೇಳುವುದು ಇಷ್ಟು. ಒಂದು ಮರದ ಹಣ್ಣು ಆಗದಿದ್ದರೆ ಇನ್ನೊಂದು ಮರದ್ದನ್ನು ಮೂಸಿ ನೋಡಿ. ಅತಿಯಾಗಿ ಹಣ್ಣಾಗಿ, ಹುಳಿತ ಶುರುವಾದ ಅಂಬಲಿಯ ವಾಸನೆಯನ್ನೇ ಹಲಸಿನ ವಾಸನೆ ಎಂದು ಅನೇಕರು ನಂಬಿಬಿಟ್ಟಿದ್ದಾರೆ. ಹದವಾಗಿ ಹಣ್ಣಾದ ಬಕ್ಕೆಯ ಪರಿಮಳ ತೆಳು. ಅದು ಕೋಣೆ ತುಂಬುವುದಿಲ್ಲ, ಬಾಯಿ ತುಂಬುತ್ತದೆ.

ಸಿದ್ದುವಿನ ರುಚಿ, ಬಣ್ಣ, ಪರಿಮಳ ಇಷ್ಟನ್ನು ಕೇಳಿದಿರಿ. ಮುಂದಿನ ಪ್ರಶ್ನೆ ಬೇರೆ. ಚೇಳೂರಿನಲ್ಲಿ ಹಲಸಿನ ಮರಗಳಿಗೆ ಬರವಿಲ್ಲ. ಅಲ್ಲಿನ ಹಲಸಿನ ಸಂತೆ ಹೆಸರುವಾಸಿ. ಅಷ್ಟು ಮರಗಳ ನಡುವೆ ಒಂದೇ ಮರದ ಹಣ್ಣು ಏಕೆ ಹೀಗಿದೆ? ಅದರ ಬೀಜ ತಂದು ಹೊನ್ನಾಳಿಯಲ್ಲಿ ಊರಿದರೆ ಅದೇ ಹಣ್ಣು ಬರುವುದಿಲ್ಲವೇ?

ಬರುವುದಿಲ್ಲ. ಬರಬಹುದೆಂದು ನಂಬಿ ಹತ್ತು ವರ್ಷ ಕಾಯಬೇಡಿ. ಕಾರಣ ಹಲಸಿನ ಹೂವಿನಲ್ಲಿದೆ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಹಲಸಿನ ಮರದಲ್ಲಿ ಗಂಡು ಹೂಗೊಂಚಲು ಬೇರೆ, ಹೆಣ್ಣು ಹೂಗೊಂಚಲು ಬೇರೆ. ಎರಡೂ ಒಂದೇ ಮರದಲ್ಲಿ ಇರುತ್ತವೆ. ಗಂಡು ಗೊಂಚಲು ಬೆರಳಿನಷ್ಟು ದಪ್ಪ. ಪರಾಗ ಉದುರಿಸಿದ ಮೇಲೆ ಕಪ್ಪಾಗಿ, ಬೂಷ್ಟು ಹಿಡಿದು ಬೀಳುತ್ತದೆ. ಮರದಡಿ ರಾಶಿ ಬಿದ್ದ ಇವನ್ನು ಕಂಡು, ಅಯ್ಯೋ ಎಳೆಗಾಯಿ ಎಲ್ಲಾ ಉದುರಿತು ಎಂದು ಪ್ರತಿ ವರ್ಷ ರೈತರು ಗಾಬರಿಯಾಗುತ್ತಾರೆ. ಗಾಬರಿ ಬೇಡ. ಬಹುಪಾಲು ಅವು ಕಾಯಾಗುವಂಥವೇ ಅಲ್ಲ. ಅವುಗಳ ಕೆಲಸ ಮುಗಿದಿದೆ.

ಹೆಣ್ಣು ಗೊಂಚಲಿನಲ್ಲಿ ನೂರಾರು ಹೂಗಳು ಒತ್ತಾಗಿ ಕೂಡಿಕೊಂಡಿರುತ್ತವೆ. ಹಣ್ಣಿನ ಮೇಲಿನ ಒಂದೊಂದು ಮುಳ್ಳೂ ಒಂದೊಂದು ಹೂವಿನ ಗುರುತು. ಯಾವ ಹೂವಿಗೆ ಪರಾಗ ಸಿಕ್ಕಿತೋ ಅದು ಬೀಜ ಕಟ್ಟಿ ತೊಳೆಯಾಗುತ್ತದೆ. ಸಿಗದ ಹೂವು ಸಾರೆಯಾಗಿ ಉಳಿಯುತ್ತದೆ. ತೊಳೆಯ ನಡುವೆ ನಾವು ಕಿತ್ತು ದನಕ್ಕೆ ಹಾಕುವ ಪಟ್ಟಿಗಳು ಅವೇ.

ಈಗ ಮುಖ್ಯ ಮಾತು. ನಾವು ತಿನ್ನುವ ತಿರುಳು ತಾಯಿ ಮರದ ಮೈ. ಅದರಲ್ಲಿ ತಂದೆ ಮರದ ಪಾಲಿಲ್ಲ. ಆದ್ದರಿಂದ ಪಕ್ಕದ ಹೊಲದ ಯಾವ ಮರದಿಂದ ಪರಾಗ ಬಂದರೂ, ಸಿದ್ದು ಮರದ ತೊಳೆಯ ರುಚಿ ವರ್ಷದಿಂದ ವರ್ಷಕ್ಕೆ ಸಿದ್ದುವಿನದೇ. ಆದರೆ ತೊಳೆಯೊಳಗಿನ ಬೀಜ ಹಾಗಲ್ಲ. ಅದರಲ್ಲಿ ತಾಯಿಯೂ ಇದೆ, ಎಲ್ಲಿಂದಲೋ ಬಂದ ತಂದೆಯೂ ಇದೆ. ಒಂದೇ ಹಣ್ಣಿನ ಮೂವತ್ತು ಬೀಜ ಊರಿದರೆ ಮೂವತ್ತು ಬಗೆಯ ಮರಗಳು ಏಳುತ್ತವೆ. ಒಂದು ಅಂಬಲಿಯಾಗಬಹುದು. ಒಂದು ಬಿಳಿಚಿಕೊಂಡ ತೊಳೆಯದ್ದಾಗಬಹುದು. ಒಂದು, ಅಪರೂಪಕ್ಕೆ, ತಾಯಿಯನ್ನೂ ಮೀರಿಸಬಹುದು.

ನಮ್ಮ ನಾಡಿನ ಹಲಸೆಲ್ಲ ತಲೆತಲಾಂತರದಿಂದ ಬೀಜದಿಂದಲೇ ಬೆಳೆದದ್ದು. ತಿಂದು ಎಸೆದ ಬೀಜ, ಹಿತ್ತಲಲ್ಲಿ ಊರಿದ ಬೀಜ, ಕರಡಿ ತಿಂದು ಕಾಡಿನಲ್ಲಿ ಬಿಟ್ಟ ಬೀಜ. ಹಾಗಾಗಿ ಬೀಜದಿಂದ ಎದ್ದ ಒಂದೊಂದು ಮರವೂ ಒಂದೊಂದು ತಳಿಯೇ. ಸಖರಾಯಪಟ್ಟಣದ ಹಲಸು, ದೊಡ್ಡಬಳ್ಳಾಪುರದ ತೂಬಗೆರೆಯ ಹಲಸು ಎಂದು ನಾವು ಊರಿನ ಹೆಸರಿಟ್ಟು ಕರೆಯುತ್ತೇವೆ. ಕರಾವಳಿಯಲ್ಲಿ ಕೆಂಪು ತೊಳೆಯದ್ದನ್ನು ಚಂದ್ರ ಬಕ್ಕೆ ಎನ್ನುತ್ತಾರೆ. ಪುಟ್ಟ, ಗುಂಡಗಿನ ಹಣ್ಣಿಗೆ ರುದ್ರಾಕ್ಷಿ ಎನ್ನುತ್ತಾರೆ. ಇವು ಬಳಗದ ಹೆಸರುಗಳು. ಒಂದು ಬಳಗದೊಳಗೂ ಮರದಿಂದ ಮರಕ್ಕೆ ರುಚಿ ಬೇರೆ. ಮರ ಬಿದ್ದರೆ ಆ ರುಚಿ ಹೋಯಿತು. ಎಷ್ಟು ಬೀಜ ಉಳಿದಿದ್ದರೂ ಅದೇ ರುಚಿ ಮರಳದು.

ಹೀಗೆ, ರುಚಿ ಒಂದೊಂದು ಮರದ ಸ್ವಂತದ್ದು, ಬೀಜದಿಂದ ಅದು ದಾಟದು, ಆ ಮರದ್ದೇ ಕಡ್ಡಿಯಿಂದ ಕಸಿ ಮಾಡಿದರೆ ದಾಟುತ್ತದೆ. ಇದನ್ನು ನೆನಪಿಟ್ಟುಕೊಂಡು ಈಗ ಚೇಳೂರಿಗೆ ಹೋಗೋಣ.

ಚೇಳೂರಿನಲ್ಲಿ ಎಸ್.ಕೆ. ಸಿದ್ದಪ್ಪ ಎಂಬ ರೈತರಿದ್ದರು. ತಮ್ಮ ಜಮೀನಿನಲ್ಲಿ ಒಂದು ಹಲಸು ನೆಟ್ಟಿದ್ದರು. ಅವರು ತೀರಿಕೊಂಡರು, ಮರ ಉಳಿಯಿತು. ಅವರ ಮಗ ಎಸ್.ಎಸ್. ಪರಮೇಶ. ಮರದ ಹಣ್ಣನ್ನು ನೆಂಟರಿಗೆ, ಗೆಳೆಯರಿಗೆ ಹಂಚುತ್ತಿದ್ದರು. ತಿಂದವರು ಮತ್ತೆ ಕೇಳುತ್ತಿದ್ದರು. ವರ್ಷಕ್ಕೆ ನಾನೂರಕ್ಕೂ ಹೆಚ್ಚು ಹಣ್ಣು ಬಿಡುವ ಮರ. ಆದರೂ ಸಾಲುತ್ತಿರಲಿಲ್ಲ.

ಈ ಮರದ ಸುದ್ದಿ ಹಿರೇಹಳ್ಳಿಗೆ ಮುಟ್ಟಿತು. ತುಮಕೂರಿನ ಹತ್ತಿರದ ಹಿರೇಹಳ್ಳಿಯಲ್ಲಿ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರವಿದೆ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅಂಗ ಅದು. ಅಲ್ಲಿ ಡಾ. ಜಿ. ಕರುಣಾಕರನ್ ಎಂಬ ವಿಜ್ಞಾನಿ ಹಲಸು, ಹುಣಸೆಗಳ ಒಳ್ಳೆಯ ಮರಗಳನ್ನು ಹುಡುಕುವ ಕೆಲಸದಲ್ಲಿದ್ದರು. ಹಣ್ಣನ್ನು ತೂಗಿದರು, ತೊಳೆ ಎಣಿಸಿದರು, ಸಿಹಿ ಅಳೆದರು, ಬಣ್ಣದ ವಸ್ತುವನ್ನು ಅಳೆದರು. ಆಗಲೇ ಮೂವತ್ತು ವರ್ಷ ದಾಟಿದ್ದ ಮರದ ಗುಣ, ಮೊದಲ ಬಾರಿಗೆ ಕಾಗದದ ಮೇಲೆ ಬಂತು.

ಆಮೇಲೆ ನಡೆದದ್ದನ್ನು ನಾನು ಬಹಳ ಮುಖ್ಯವೆಂದು ಎಣಿಸುತ್ತೇನೆ. ಸಂಸ್ಥೆ ಆ ತಳಿಯನ್ನು ತನ್ನದೆಂದು ಹೇಳಿಕೊಳ್ಳಲಿಲ್ಲ. 2017ರ ಹೊತ್ತಿಗೆ ಪರಮೇಶ ಅವರ ಜೊತೆ ಒಂದು ಒಪ್ಪಂದ ಮಾಡಿಕೊಂಡಿತು. ಮರದಿಂದ ಕಸಿಕಡ್ಡಿ ತೆಗೆದು ಸಂಸ್ಥೆ ಸಸಿ ಮಾಡುತ್ತದೆ. ಮಾರಿ ಬಂದ ಹಣದಲ್ಲಿ ನೂರಕ್ಕೆ 75 ಪಾಲು ರೈತರಿಗೆ. ಹೆಸರನ್ನೂ ಮನೆಯವರ ಆಸೆಯಂತೆಯೇ ಇಟ್ಟರು. ಮರ ನೆಟ್ಟ ಸಿದ್ದಪ್ಪನವರ ನೆನಪಿಗೆ ಸಿದ್ದು. ಕೆಲವೇ ವರ್ಷಗಳಲ್ಲಿ ಆ ಕುಟುಂಬಕ್ಕೆ ಬಂದ ಪಾಲು ಹತ್ತು ಲಕ್ಷ ರೂಪಾಯಿ ದಾಟಿತು. ಒಂದೇ ಮರದಿಂದ. ಅದೂ ಮರ ಕಡಿಯದೆ. ಅದೇ ಗುಬ್ಬಿ ತಾಲ್ಲೂಕಿನಲ್ಲಿ ಮುಂದೆ ಇನ್ನೊಂದು ಕೆಂಪು ತೊಳೆಯ ಮರ ಹೊರಬಂತು. ಅದಕ್ಕೆ ಶಂಕರ ಎಂದು ಹೆಸರು. ಅದನ್ನು ಉಳಿಸಿದ ರೈತರ ಹೆಸರಿನಿಂದಲೇ ಬಂದದ್ದು.

ಇಲ್ಲಿ ಇನ್ನೊಬ್ಬರನ್ನು ನೆನೆಯಬೇಕು. ಕಾಸರಗೋಡಿನ ಕನ್ನಡ ಪತ್ರಕರ್ತರಾದ ಶ್ರೀಪಡ್ರೆ. ಪುತ್ತೂರಿನಿಂದ ಬರುವ ಅಡಿಕೆ ಪತ್ರಿಕೆಯಲ್ಲಿ ಅವರು ಹಲಸಿನ ಬಗ್ಗೆ ವರ್ಷಗಟ್ಟಲೆ ಬರೆದರು. ಅಡಿಕೆ ಬೆಳೆಗಾರರ ಪತ್ರಿಕೆಯಲ್ಲಿ ಹಲಸಿಗೆ ಅಷ್ಟು ಪುಟ ಏಕೆ ಎಂದು ಯಾರಿಗಾದರೂ ಅನಿಸಬಹುದು. ಚನ್ನಗಿರಿಯ ತೋಟದವರಿಗೆ ಹಾಗೆ ಅನಿಸಬಾರದು. ತೋಟದ ಬೇಲಿಯ ಮೇಲೆ ನಿಂತ ಹಲಸಿನ ಮರಕ್ಕೆ ಕರಿಮೆಣಸಿನ ಬಳ್ಳಿ ಹಬ್ಬಿಸಿದವರು ನೀವು. ಬಳ್ಳಿಯ ಲೆಕ್ಕ ನಿಮಗೆ ಗೊತ್ತು. ಮರದ ಹಣ್ಣಿನ ಲೆಕ್ಕ ಇಟ್ಟವರು ಎಷ್ಟು ಮಂದಿ?

ಸಿದ್ದುವಿನ ಮರಕ್ಕೆ ಹೆಸರು ಸಿಕ್ಕ ಬಗೆ ಇದು. ಈಗ ನಮ್ಮ ನಾಲ್ಕು ತಾಲ್ಲೂಕುಗಳ ಕಡೆ ತಿರುಗುತ್ತೇನೆ.

1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗದಿಂದ ಬಂದವು. ಜಗಳೂರು ಚಿತ್ರದುರ್ಗದಿಂದ ಬಂತು. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರೆಯಾಯಿತು. ಹಾಗಾಗಿ ಒಂದೇ ಜಿಲ್ಲೆಯೊಳಗೆ ಮಲೆನಾಡಿನ ಸೆರಗೂ ಇದೆ, ಬಯಲುಸೀಮೆಯ ಒಣನೆಲವೂ ಇದೆ. ಹಲಸಿನ ಕಣ್ಣಿನಿಂದ ನೋಡಿದರೆ ಇದು ದೊಡ್ಡ ಅನುಕೂಲ.

ಹಲಸಿನ ಬೇರು ಆಳಕ್ಕೆ ಇಳಿಯುತ್ತದೆ. ಒಮ್ಮೆ ನೆಲೆ ನಿಂತ ಮರ ಬರಗಾಲವನ್ನು ತಡೆದುಕೊಳ್ಳುತ್ತದೆ. ಅದು ತಡೆಯಲಾರದ್ದು ಒಂದೇ. ಬುಡದಲ್ಲಿ ನಿಂತ ನೀರು. ಹೊನ್ನಾಳಿಯಲ್ಲಿ ತುಂಗಭದ್ರೆಯ ಬದಿಯ ಭತ್ತದ ಗದ್ದೆ ಇದೆ, ಚನ್ನಗಿರಿಯಲ್ಲಿ ಭದ್ರಾ ನಾಲೆಯ ಕೆಳಗಿನ ತಗ್ಗು ಇದೆ. ಅಂಥ ಜಾಗದಲ್ಲಿ ಹಲಸು ಊರಬೇಡಿ. ಎತ್ತರದ ಬದು ನೋಡಿ. ನೀರು ಬಸಿದು ಹೋಗುವ ಕೆಂಪು ಮಣ್ಣು ನೋಡಿ.

ಜಗಳೂರಿನ ಕೇಳುಗರು, ಹಲಸು ನಮ್ಮದಲ್ಲ, ಘಟ್ಟದವರದ್ದು ಎಂದುಕೊಂಡಿರಬಹುದು. ಸಿದ್ದು ಹುಟ್ಟಿದ ಗುಬ್ಬಿ ತಾಲ್ಲೂಕು ಘಟ್ಟದಲ್ಲಿಲ್ಲ ಎಂಬುದನ್ನು ಗಮನಿಸಿ. ಅದು ತೆಂಗು, ರಾಗಿಯ ಬಯಲು. ನಿಮಗಿಂತ ಮಳೆ ಸ್ವಲ್ಪ ಹೆಚ್ಚು, ಅಷ್ಟೇ. ಮೊದಲ ಮೂರು ನಾಲ್ಕು ಬೇಸಿಗೆ ಗಿಡಕ್ಕೆ ನೀರು ಹೊತ್ತು ಹಾಕುವ ಮನಸ್ಸಿದ್ದರೆ, ಜಗಳೂರಿನ ಮನೆಯಂಗಳದಲ್ಲೂ ಹಲಸು ನಿಲ್ಲುತ್ತದೆ. ರುಚಿಯ ದೃಷ್ಟಿಯಿಂದ ಒಣನೆಲಕ್ಕೆ ಒಂದು ಹೆಚ್ಚುಗಾರಿಕೆಯೂ ಇದೆ. ಜೋರು ಮಳೆ ಹಿಡಿದ ಮೇಲೆ ಹಣ್ಣಾದ ಹಲಸು ಸಪ್ಪೆ. ತೊಳೆಗೆ ನೀರು ಸೇರಿ ಸಿಹಿ ಇಳಿದುಬಿಡುತ್ತದೆ. ಮಲೆನಾಡಿನವರು ಆಷಾಢದ ಹಣ್ಣನ್ನು ಕಡೆಗಣಿಸುವುದು ಇದಕ್ಕೇ. ಮಳೆ ಕಡಿಮೆ ಇರುವಲ್ಲಿ ಹಣ್ಣಿಗೆ ಬಿಸಿಲು ಪೂರ್ತಿ ಸಿಗುತ್ತದೆ.

ನ್ಯಾಮತಿ, ಚನ್ನಗಿರಿಯ ಕಡೆ ಹಳೆಯ ಮರಗಳು ಇನ್ನೂ ಇವೆ. ಹಿತ್ತಲಲ್ಲಿ, ತೋಟದ ಅಂಚಿನಲ್ಲಿ, ದೇವಸ್ಥಾನದ ಮಗ್ಗುಲಲ್ಲಿ. ಆದರೆ ಒಂದೊಂದಾಗಿ ಕಡಿಯಲಾಗುತ್ತಿದೆ. ಹಲಸಿನ ಹಲಗೆಗೆ ಒಳ್ಳೆಯ ಬೆಲೆ. ಬಾಗಿಲು, ಕಿಟಕಿಗೆ ಸೈ. ವೀಣೆ, ಮೃದಂಗಕ್ಕೂ ಅದೇ ಮರ. ತೋಟ ವಿಸ್ತರಿಸುವಾಗ ನೆರಳಾಗುತ್ತದೆಂದು ಕಡಿಯುವುದೂ ಉಂಟು. ಕಡಿಯಬೇಡಿ ಎಂದು ನಾನು ಯಾರಿಗೂ ಅಪ್ಪಣೆ ಮಾಡಲಾರೆ. ಸಾಲ, ಮದುವೆ, ಮನೆ ಕಟ್ಟುವುದು, ಎಲ್ಲವೂ ಇರುತ್ತದೆ. ಆದರೆ ಕೊಡಲಿ ಹಾಕುವ ಮೊದಲು ಆ ಮರದ ಹಣ್ಣನ್ನು ಒಮ್ಮೆ ಗಮನವಿಟ್ಟು ತಿನ್ನಿ ಎಂದು ಬೇಡಿಕೊಳ್ಳುತ್ತೇನೆ. ಚೆನ್ನಾಗಿದ್ದರೆ ನಾಲ್ಕು ಕಡ್ಡಿ ತೆಗೆದಿಟ್ಟು ಕಸಿ ಮಾಡಿಸಿ. ಹಲಗೆಯೂ ನಿಮ್ಮದಾಗುತ್ತದೆ, ರುಚಿಯೂ ಉಳಿಯುತ್ತದೆ.

ನೆಲ ಯಾವುದು, ಮರ ಎಲ್ಲಿದೆ ಎಂಬ ಮಾತಾಯಿತು. ಗಮನವಿಟ್ಟು ತಿನ್ನಿ ಎಂದೆ. ಹೇಗೆ ತಿನ್ನುವುದು? ಇದನ್ನು ಹೇಳಿ ನನ್ನ ಮಾತು ಮುಗಿಸುತ್ತೇನೆ.

ಮೊದಲು ಕಾಯಿ ಬಲಿತಿರಬೇಕು. ಮುಳ್ಳುಗಳು ಅಗಲವಾಗಿ, ನಡುವಿನ ಜಾಗ ಹಿಗ್ಗಿರಬೇಕು. ಬೆರಳಿನಿಂದ ತಟ್ಟಿದರೆ ಟಣ್ ಎಂದು ಗಟ್ಟಿ ಸದ್ದು ಬರಬಾರದು, ದಬ್ ಎಂದು ಟೊಳ್ಳು ಸದ್ದು ಬರಬೇಕು. ತೊಟ್ಟಿನ ಹತ್ತಿರದ ಎಲೆ ಹಳದಿಯಾಗಿದ್ದರೆ ಅದೂ ಒಂದು ಗುರುತು. ಬಲಿಯದ ಕಾಯಿ ಕಿತ್ತು ಹಣ್ಣು ಮಾಡಿ, ಮರವನ್ನು ದೂರಬಾರದು.

ಹಣ್ಣಾದ ದಿನ ತಿನ್ನಿ. ಮರುದಿನವೂ ಎರಡು ತೊಳೆ ತಿನ್ನಿ. ಒಳ್ಳೆಯ ಬಕ್ಕೆ ಮರುದಿನವೂ ಗಟ್ಟಿಯಾಗಿಯೇ ಇರುತ್ತದೆ. ಊಟವಾದ ಮೇಲೆ ತಿಂದು ತೀರ್ಮಾನ ಹೇಳಬೇಡಿ. ಹಸಿದು ಹಲಸು, ಉಂಡು ಮಾವು ಎಂದು ಹಿರಿಯರು ಹೇಳಿದ್ದು ಹೊಟ್ಟೆಯ ಹಿತಕ್ಕೆ. ನಾಲಿಗೆಯ ಪರೀಕ್ಷೆಗೂ ಅದೇ ಸರಿ.

ಸಿಹಿ ಒಂದನ್ನೇ ನೋಡಬೇಡಿ. ತೊಳೆ ದಪ್ಪವೇ, ತೆಳುವೇ? ಸಾರೆ ಹೆಚ್ಚೇ, ಕಡಿಮೆಯೇ? ಮೇಣ ಕೈಗೆ ಎಷ್ಟು ಅಂಟಿತು? ಬೀಜದ ಮೇಲಿನ ಪೊರೆ ಸುಲಭವಾಗಿ ಬಿಡುತ್ತದೆಯೇ? ನುಂಗಿದ ಮೇಲೆ ಬಾಯಲ್ಲಿ ಏನು ಉಳಿಯಿತು? ಮುಸಾಂಗ್ ಕಿಂಗ್ ತಿನ್ನುವವರು ಆ ಕೊನೆಯ ಕಹಿಯನ್ನು ಹುಡುಕುವ ಹಾಗೆ, ನಮ್ಮ ಹಲಸಿನಲ್ಲೂ ಹುಡುಕಬೇಕಾದದ್ದು ಇದೆ. ಕೆಲವು ಮರದಲ್ಲಿ ಕೊನೆಗೊಂದು ಜೇನಿನ ಘಮ, ಕೆಲವದರಲ್ಲಿ ಸಣ್ಣ ಹುಳಿ. ಆ ಹುಳಿ ಇರುವ ಮರವನ್ನು ಕೆಟ್ಟದ್ದೆಂದು ತಳ್ಳಬೇಡಿ. ಕಡುಬಿಗೆ, ದೋಸೆಗೆ ಅದು ಚೆನ್ನಾಗಿ ಹೊಂದುತ್ತದೆ. ಅಂಬಲಿಯನ್ನೂ ಕೀಳೆಂದು ಎಣಿಸಬೇಡಿ. ಬಾಳೆಎಲೆಯಲ್ಲಿ ಬೇಯಿಸಿದ ಹಲಸಿನ ಕಡುಬಿಗೆ ಅಂಬಲಿಯ ರಸವೇ ಆಗಬೇಕು. ಹಪ್ಪಳಕ್ಕೆ ಬಲಿತ ಕಾಯಿಯ ತೊಳೆ ಬೇಕು. ಸಿದ್ದು ಹಾಗೇ ತಿನ್ನುವ ಹಣ್ಣು. ನಿಮ್ಮ ಊರಿನ ಮರ ಕಡುಬಿನ ಹಣ್ಣಾಗಿರಬಹುದು. ಅದೂ ಒಂದು ಸ್ವಭಾವವೇ. ಅದಕ್ಕೂ ಹೆಸರಿಡಬಹುದು.

ಒಂದೇ ಹಣ್ಣಿನಿಂದ ನಿರ್ಣಯಕ್ಕೆ ಬರಬೇಡಿ. ಮರದ ಬುಡದ ಹಣ್ಣು, ಮೇಲಿನ ಕೊಂಬೆಯ ಹಣ್ಣು, ಬೇಸಿಗೆಯದ್ದು, ಮಳೆ ಬಿದ್ದ ಮೇಲಿನದ್ದು, ಎಲ್ಲವನ್ನೂ ನೋಡಿ. ಎರಡು ಮೂರು ವರ್ಷ ಗುಣ ಒಂದೇ ಸಮ ಇದ್ದರೆ ಬರೆದಿಡಿ. ಮನೆಯ ಹೆಂಗಸರನ್ನು ತಪ್ಪದೆ ಕೇಳಿ. ಯಾವ ಮರದ ಕಾಯಿ ಹುಳಿಗೆ, ಯಾವುದು ಹಪ್ಪಳಕ್ಕೆ, ಯಾವುದರ ಬೀಜ ಬೇಯಿಸಿದರೆ ಹಿಟ್ಟಾಗುತ್ತದೆ ಎಂಬುದು ಅವರಿಗೆ ಗೊತ್ತಿರುತ್ತದೆ. ವಿಜ್ಞಾನಿಗಳು ಬಂದರೆ ಮೊದಲು ಕೇಳಬೇಕಾದದ್ದೂ ಅವರನ್ನೇ.

ಒಳ್ಳೆಯ ಮರ ಎಂದು ಮನಸ್ಸಿಗೆ ಖಚಿತವಾದರೆ, ಹತ್ತಿರದ ತೋಟಗಾರಿಕೆ ಇಲಾಖೆಯ ಕಚೇರಿಗೆ ತಿಳಿಸಿ. ಹಿರೇಹಳ್ಳಿಯ ಕೇಂದ್ರಕ್ಕೂ ಬರೆಯಬಹುದು. ರೈತರು ತಾವು ಉಳಿಸಿದ ತಳಿಯನ್ನು ತಮ್ಮ ಹೆಸರಿಗೇ ನೋಂದಾಯಿಸಲು 2001ರ ಸಸ್ಯ ತಳಿ ಮತ್ತು ರೈತರ ಹಕ್ಕುಗಳ ಕಾಯ್ದೆಯಲ್ಲಿ ಅವಕಾಶವಿದೆ. ಕಸಿಕಡ್ಡಿಯನ್ನು ಯಾರ ಕೈಗಾದರೂ ಕೊಡುವ ಮೊದಲು ಇದನ್ನು ತಿಳಿದುಕೊಂಡಿರಿ.

ಕಸಿ ಮಾಡುವುದು ನೀವು ಕಲಿಯಬಹುದಾದ ಕೆಲಸ. ಇದಕ್ಕೆ ಮೃದುಕಾಂಡ ಕಸಿ ಎನ್ನುತ್ತಾರೆ. ಯಾವುದಾದರೂ ಹಲಸಿನ ಬೀಜವನ್ನು, ಹಣ್ಣು ತಿಂದ ಕೂಡಲೇ ಊರಿ. ಒಣಗಿದರೆ ಅದು ಹುಟ್ಟುವುದಿಲ್ಲ. ಕೆಲವು ತಿಂಗಳಲ್ಲಿ ಸಸಿ ಪೆನ್ಸಿಲ್ಲಿನ ದಪ್ಪಕ್ಕೆ ಬರುತ್ತದೆ. ನಿಮ್ಮ ಒಳ್ಳೆಯ ಮರದ ತುದಿಯ ಕಡ್ಡಿಯನ್ನು ಆರಿಸಿ, ವಾರ ಹತ್ತು ದಿನ ಮೊದಲೇ ಅದರ ಎಲೆ ಸವರಿ. ತೊಟ್ಟಷ್ಟೇ ಉಳಿಯಲಿ. ಮೊಗ್ಗು ಉಬ್ಬಿದಾಗ ಕತ್ತರಿಸಿ ತಂದು, ಸಸಿಯ ತಲೆ ಸೀಳಿ ಅದರಲ್ಲಿ ಕೂರಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಕಟ್ಟಬೇಕು. ನೆರಳಿನಲ್ಲಿ, ತೇವದಲ್ಲಿ ಇಡಬೇಕು. ಕಸಿ ಕೂಡಿದ ಜಾಗದ ಕೆಳಗೆ ಸಸಿಯ ಸ್ವಂತ ಚಿಗುರು ಬಂದರೆ ಚಿವುಟಿಹಾಕಿ. ಅದನ್ನು ಬಿಟ್ಟರೆ ಬೆಳೆಯುವುದು ಕೆಳಗಿನ ಸಸಿ, ನಿಮ್ಮ ಮರವಲ್ಲ. ಮಳೆಗಾಲ ಹಿಡಿದ ಮೇಲೆ ನೆಲಕ್ಕೆ ಇಳಿಸಿ. ಗಿಡದಿಂದ ಗಿಡಕ್ಕೆ ಸುಮಾರು ಮೂವತ್ತು ಅಡಿ ಬಿಡಿ. ಬೀಜದ ಮರ ಫಲಕ್ಕೆ ಬರಲು ಎಂಟು ಹತ್ತು ವರ್ಷ ಕೇಳುತ್ತದೆ. ಕಸಿ ಗಿಡ ನಾಲ್ಕೈದು ವರ್ಷಕ್ಕೆ ಕಾಯಿ ಹಿಡಿಯುತ್ತದೆ. ಮೊದಲ ವರ್ಷದ ಕಾಯಿಗಳಲ್ಲಿ ಒಂದೆರಡನ್ನಷ್ಟೇ ಉಳಿಸಿ, ಉಳಿದವನ್ನು ಎಳೆಯದರಲ್ಲೇ ಕಿತ್ತು ಪಲ್ಯಕ್ಕೆ ಹಾಕಿ. ಗಿಡಕ್ಕೆ ಭಾರವಾಗಬಾರದು. ಉಳಿಸಿದ ಆ ಒಂದೆರಡು ಹಣ್ಣನ್ನು ತಾಯಿ ಮರದ ಹಣ್ಣಿನ ಜೊತೆಗಿಟ್ಟು ತಿಂದು ನೋಡಿ.